ಚಿಪ್ಪಿನ ಗೆರೆಗಳಲ್ಲಿ ಉಳಿದ ಹೊಳೆಯ ನೀರು

ಸಿಹಿನೀರಿನ ಕಪ್ಪೆಚಿಪ್ಪುಗಳ ಕುರಿತು ಇತ್ತೀಚೆಗೆ ಬಂದ ನಾಲ್ಕು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಹಾಗಾಗಿ ಈ ಸಂಚಿಕೆಯ ಪ್ರಶ್ನೋತ್ತರದ ಪುಟಗಳನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಬೇಸಿಗೆಯಲ್ಲಿ ತುಂಗೆಯ ನೀರು ಇಳಿದಾಗ ಮರಳಿನಲ್ಲಿ ಅಂಗೈ ಅಗಲದ ಕಪ್ಪೆಚಿಪ್ಪುಗಳು ಸಿಗುತ್ತವೆ. ಅವುಗಳ ಹೊರಮೈಯಲ್ಲಿ ಬಿಲ್ಲಿನಂತೆ ಬಾಗಿದ ಗೆರೆಗಳು ಒಂದರ ಹೊರಗೊಂದರಂತೆ ಇವೆ. ಮರದ ಉಂಗುರಗಳನ್ನು ಎಣಿಸಿದಂತೆ ಇವನ್ನೂ ಎಣಿಸಿ ವಯಸ್ಸು ಹೇಳಬಹುದೇ ಎಂದು ನನ್ನ ತರಗತಿಯ ಮಕ್ಕಳು ಕೇಳುತ್ತಿದ್ದಾರೆ. ಇಂಥ ಚಿಪ್ಪುಗಳಿಂದ ನದಿಯ ಹಳೆಯ ಸ್ಥಿತಿಯನ್ನು ತಿಳಿಯುತ್ತಾರೆ ಎಂದೂ ಓದಿದ್ದೇನೆ. ಅದು ಹೇಗೆ ಸಾಧ್ಯ?
— ಪ್ರೌಢಶಾಲಾ ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ಮಕ್ಕಳ ಊಹೆ ಬಹುಮಟ್ಟಿಗೆ ಸರಿಯಾಗಿದೆ, ಆದರೆ ಹೊರಮೈಯ ಗೆರೆಗಳನ್ನು ನೇರವಾಗಿ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಕಪ್ಪೆಚಿಪ್ಪಿನೊಳಗೆ ಬದುಕುವುದು ಬಸವನಹುಳುವಿನ ದೊಡ್ಡ ಬಳಗಕ್ಕೆ ಸೇರಿದ ಮೃದ್ವಂಗಿ. ಅದರ ಮೈಯನ್ನು ಸುತ್ತಿಕೊಂಡಿರುವ ಮ್ಯಾಂಟಲ್ ಎಂಬ ತೆಳ್ಳನೆಯ ಮಾಂಸದ ಹೊದಿಕೆಯು, ನೀರಿನಿಂದ ಪಡೆದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟನ್ನು ಚಿಪ್ಪಿನ ಅಂಚಿಗೆ ಪದರಪದರವಾಗಿ ಸೇರಿಸುತ್ತಾ ಹೋಗುತ್ತದೆ. ಹೊರಗೆ ಕಂದು ಅಥವಾ ಹಸಿರುಗಪ್ಪು ಬಣ್ಣದ ಸಿಪ್ಪೆ, ಅದರ ಕೆಳಗೆ ಪುಟ್ಟ ಕಂಬಗಳಂತೆ ನಿಂತ ಹರಳುಗಳ ಪದರ, ತೀರ ಒಳಗೆ ಮಿರುಗುವ ಮುತ್ತಿನ ಪದರ, ಹೀಗೆ ಚಿಪ್ಪಿನ ಕಟ್ಟಡವಿರುತ್ತದೆ. ಹರಳುಗಳೆಲ್ಲ ಅರಗೊನೈಟ್ ಎಂಬ ರೂಪದ ಕ್ಯಾಲ್ಸಿಯಂ ಕಾರ್ಬೊನೇಟ್. ಅವುಗಳ ನಡುವೆ ಅಂಟಿನಂತೆ ಸ್ವಲ್ಪ ಪ್ರೋಟೀನು ಇರುತ್ತದೆ. ನಮ್ಮ ಮೂಳೆಯು ಬದುಕಿನುದ್ದಕ್ಕೂ ಕರಗುತ್ತಾ ಮತ್ತೆ ಕಟ್ಟಿಕೊಳ್ಳುತ್ತಾ ಇರುತ್ತದೆ. ಚಿಪ್ಪಿನಲ್ಲಿ ಹಾಗಾಗುವುದು ಕಡಿಮೆ. ಒಮ್ಮೆ ಇಟ್ಟ ಪದರ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಪದರ ಕಟ್ಟಿದ ದಿನಗಳಲ್ಲಿ ನೀರು ಹೇಗಿತ್ತೋ ಅದರ ಗುರುತು ಆ ಪದರದಲ್ಲಿ ಸೇರಿಹೋಗಿರುತ್ತದೆ.

ಚಳಿ ದೇಶಗಳಲ್ಲಿ ನೀರು ತಣ್ಣಗಾದಾಗ ಕಪ್ಪೆಚಿಪ್ಪಿನ ಬೆಳವಣಿಗೆ ನಿಂತುಬಿಡುತ್ತದೆ. ವಸಂತದಲ್ಲಿ ಮತ್ತೆ ಆರಂಭವಾಗುವಾಗ, ನಿಂತ ಜಾಗದಲ್ಲಿ ಪ್ರೋಟೀನು ಹೆಚ್ಚಾಗಿರುವ ಒಂದು ಕಪ್ಪು ಗೆರೆ ಉಳಿಯುತ್ತದೆ. ಅದೇ ವರ್ಷದ ಗೆರೆ. ಆದರೆ ಪ್ರವಾಹ ಬಂದು ಮರಳಿನಿಂದ ಕಿತ್ತು ಉರುಳಿಸಿದರೂ, ಯಾರಾದರೂ ಕೈಗೆತ್ತಿಕೊಂಡು ಮತ್ತೆ ನೀರಿಗೆ ಬಿಟ್ಟರೂ ಜೀವಿಯು ಬಾಯಿ ಮುಚ್ಚಿಕೊಂಡು ಕೆಲಕಾಲ ಬೆಳೆಯುವುದನ್ನು ನಿಲ್ಲಿಸುತ್ತದೆ. ಆಗಲೂ ಗೆರೆ ಮೂಡುತ್ತದೆ. ಹೊರಮೈಯನ್ನು ನೋಡಿದ ಮಾತ್ರಕ್ಕೆ ನಿಜವಾದ ಗೆರೆ ಯಾವುದು, ಇಂಥ ತೊಂದರೆಯ ಗೆರೆ ಯಾವುದು ಎಂದು ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ. ವಯಸ್ಸಾದಂತೆ ಗೆರೆಗಳು ಅಂಚಿನಲ್ಲಿ ಒತ್ತೊತ್ತಾಗಿ ಸೇರಿಹೋಗುವುದು ಮತ್ತೊಂದು ತೊಡಕು.

ಆದ್ದರಿಂದ ಚಿಪ್ಪನ್ನು ಕೊಯ್ದು ನೋಡಬೇಕಾಗುತ್ತದೆ. ಒಣಗಿದ ಚಿಪ್ಪು ಒಡೆಯದಂತೆ ಅದಕ್ಕೆ ಎಪಾಕ್ಸಿ ಅಂಟನ್ನು ಬಳಿದು, ವಜ್ರದ ಪುಡಿ ಕೂರಿಸಿದ ನಿಧಾನಗತಿಯ ಗರಗಸದಿಂದ, ಎರಡು ಹೋಳುಗಳು ಕೂಡುವ ತಿರುಗಣಿಯ ಬಳಿಯ ಉಬ್ಬಿನಿಂದ ಎದುರಿನ ಅಂಚಿನವರೆಗೆ ಸೀಳುತ್ತಾರೆ. ಕೊಯ್ದ ಮುಖವನ್ನು ಕನ್ನಡಿಯಂತೆ ಉಜ್ಜಿ ನಯಗೊಳಿಸುತ್ತಾರೆ. ಅಂಥದೊಂದು ತುಂಡು ನನ್ನ ಮೇಜಿನ ಮೇಲಿದೆ. ಬರಿಗಣ್ಣಿಗೆ ಅದು ಬಿಳಿಯ ತೆಳು ಪಟ್ಟಿ ಅಷ್ಟೆ. ದೀಪವನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದಾಗ, ಹೊರಸಿಪ್ಪೆಯ ಒಂದು ಸಣ್ಣ ಮಡಿಕೆಯಿಂದ ಹೊರಟ ಬೂದುಬಣ್ಣದ ಎಳೆಯೊಂದು ಕಂಬದ ಪದರವನ್ನು ಓರೆಯಾಗಿ ದಾಟಿ, ಮುತ್ತಿನ ಪದರದೊಳಗೆ ಇಳಿದು, ಒಳಮೈಗೆ ಸಮಾನಾಂತರವಾಗಿ ಬಹುದೂರ ಸಾಗುವುದು ಕಾಣುತ್ತದೆ. ಹೀಗೆ ಪದರದಿಂದ ಪದರಕ್ಕೆ ಕಡಿಯದೆ ಸಾಗುವ ಎಳೆಯನ್ನೇ ವರ್ಷದ ಗೆರೆ ಎಂದು ಒಪ್ಪುವುದು ರೂಢಿ. ಹೊರಗೆ ಮಾತ್ರ ಕಾಣಿಸಿಕೊಂಡು ಒಳಗೆ ಮಾಯವಾಗುವವು ತೊಂದರೆಯ ಗೆರೆಗಳಾಗಿರುವ ಸಂಭವ ಹೆಚ್ಚು. ಗೆರೆಗಳು ಎದ್ದು ಕಾಣಲೆಂದು ಪ್ರಯೋಗಾಲಯಗಳಲ್ಲಿ ಆಲ್ಶಿಯನ್ ಬ್ಲೂ ಎಂಬ ಬಣ್ಣವಿರುವ ದ್ರಾವಣದಲ್ಲಿ ಅದ್ದುವುದೂ ಉಂಟು. ಆಗ ಗೆರೆಗಳು ನೀಲಿಯಾಗುತ್ತವೆ.

ಈ ವಿಧಾನ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ಸ್ವೀಡನ್ನಿನ ಮುತ್ತಿನ ಕಪ್ಪೆಚಿಪ್ಪು ಒಳ್ಳೆಯ ಸಾಕ್ಷಿ. ತಣ್ಣನೆಯ, ಸುಣ್ಣದ ಅಂಶ ಕಡಿಮೆಯಿರುವ ಹೊಳೆಗಳಲ್ಲಿ ಬದುಕುವ ಈ ಜೀವಿ ನೂರು ವರ್ಷ ದಾಟುವುದು ಅಪರೂಪವಲ್ಲ. ಬೇರೆ ಬೇರೆ ಕಾಲದಲ್ಲಿ ಸಂಗ್ರಹಿಸಿದ ಚಿಪ್ಪುಗಳಲ್ಲಿ ಅಗಲವಾದ ಮತ್ತು ಕಿರಿದಾದ ವರ್ಷಗಳ ಸಾಲನ್ನು ಒಂದಕ್ಕೊಂದು ಹೊಂದಿಸಿ, ಒಂದು ಚಿಪ್ಪಿನ ಬಾಲ್ಯವನ್ನು ಇನ್ನೊಂದರ ಮುಪ್ಪಿಗೆ ಜೋಡಿಸುತ್ತಾ, 1777ರಿಂದ 1993ರವರೆಗಿನ 217 ವರ್ಷಗಳ ಬೇಸಿಗೆಯ ತಾಪಮಾನವನ್ನು ಸಂಶೋಧಕರು ಅಂದಾಜು ಮಾಡಿ 2004ರಲ್ಲಿ ಪ್ರಕಟಿಸಿದರು. ಬೆಚ್ಚನೆಯ ಬೇಸಿಗೆಯಲ್ಲಿ ಚಿಪ್ಪು ಹೆಚ್ಚು ಬೆಳೆಯುತ್ತದೆ, ತಂಪಾದ ಬೇಸಿಗೆಯಲ್ಲಿ ಕಡಿಮೆ ಎಂಬುದೇ ಅದರ ಆಧಾರ. ಎಳೆಯ ವಯಸ್ಸಿನಲ್ಲಿ ಸಹಜವಾಗಿಯೇ ವೇಗವಾಗಿ ಬೆಳೆಯುವುದರಿಂದ ಆ ವಯಸ್ಸಿನ ಪಾಲನ್ನು ಮೊದಲು ಲೆಕ್ಕದಿಂದ ಕಳೆಯಬೇಕಾಗುತ್ತದೆ.

ನಿಮ್ಮ ಮಕ್ಕಳಿಗೆ ಎರಡು ಎಚ್ಚರಿಕೆಗಳನ್ನು ಹೇಳಿ. ಮೊದಲನೆಯದು, ಚಿಪ್ಪಿನ ಅತ್ಯಂತ ಹಳೆಯ ಭಾಗವೆಂದರೆ ತಿರುಗಣಿಯ ಬಳಿಯ ಉಬ್ಬು. ಸುಣ್ಣ ಕಡಿಮೆಯಿರುವ, ತುಸು ಹುಳಿಗುಣದ ನೀರಿನಲ್ಲಿ ಆ ಭಾಗವೇ ಸವೆದು ಬಿಳಿಯ ಗುಳಿ ಬಿದ್ದಿರುತ್ತದೆ. ನೀವು ಹೆಕ್ಕುವ ಚಿಪ್ಪುಗಳಲ್ಲೂ ಅದನ್ನು ನೋಡಬಹುದು. ಅಲ್ಲಿ ಮೊದಲ ವರ್ಷಗಳು ಕರಗಿಯೇ ಹೋಗಿರುತ್ತವೆ. ಎರಡನೆಯದು, ನಮ್ಮ ನದಿಗಳಲ್ಲಿ ಬೆಳವಣಿಗೆಯನ್ನು ನಿಲ್ಲಿಸುವಷ್ಟು ಚಳಿಗಾಲವಿಲ್ಲ. ಇಲ್ಲಿ ಗೆರೆ ಮೂಡಲು ಮಳೆಗಾಲದ ಕೆಸರುನೀರು, ಬೇಸಿಗೆಯ ಬತ್ತುನೀರು, ಸಂತಾನೋತ್ಪತ್ತಿಯ ಕಾಲ ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ಒಂದು ವರ್ಷದಲ್ಲಿ ಎರಡು ಗೆರೆ ಮೂಡುವ ಸಾಧ್ಯತೆಯೂ ಇರುವುದರಿಂದ ಎಣಿಕೆಯನ್ನು ವಯಸ್ಸೆಂದು ಬರೆಯದೆ ಗೆರೆಗಳ ಸಂಖ್ಯೆ ಎಂದೇ ಬರೆಯಲು ಹೇಳಿ.

ಪ್ರಶ್ನೆ: ನಾನು ಕೆಲಸದ ಮೇಲೆ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿದ್ದೇನೆ. ಇಲ್ಲಿಗೆ ಹರಿದುಬರುವ ಅಲೆಗೆನಿ ನದಿಯ ಕಪ್ಪೆಚಿಪ್ಪುಗಳಲ್ಲಿ ಅನಿಲ ಬಾವಿಗಳ ತ್ಯಾಜ್ಯ ನೀರಿನ ಗುರುತು ಸಿಕ್ಕಿದೆ ಎಂದು ಕೇಳಿದೆ. ನೀರನ್ನೇ ಬಾಟಲಿಯಲ್ಲಿ ತುಂಬಿ ಪರೀಕ್ಷಿಸುವುದು ಸುಲಭವಲ್ಲವೇ? ಚಿಪ್ಪಿನ ಮೊರೆ ಹೋಗುವುದೇಕೆ?
— ಪಿಟ್ಸ್‌ಬರ್ಗ್‌ನಿಂದ ಓದುಗರೊಬ್ಬರು

ಉತ್ತರ: ಬಾಟಲಿಯಲ್ಲಿ ತುಂಬಿದ ನೀರು ಆ ಕ್ಷಣದ ನೀರು. ನಿನ್ನೆ ರಾತ್ರಿ ಏನನ್ನು ಬಿಟ್ಟಿದ್ದರು, ಮೂರು ವರ್ಷದ ಹಿಂದೆ ಹೊಳೆ ಹೇಗಿತ್ತು ಎಂಬುದನ್ನು ಅದು ಹೇಳಲಾರದು. ಆಗ ಯಾರೂ ಮಾದರಿ ತೆಗೆದಿಟ್ಟಿರದಿದ್ದರೆ ಆ ನೀರು ಹರಿದು ಹೋದದ್ದೇ ಸರಿ. ಕಪ್ಪೆಚಿಪ್ಪಾದರೋ ಒಂದೇ ಜಾಗದಲ್ಲಿ ಅರ್ಧ ಮೈಯನ್ನು ಮರಳಿನಲ್ಲಿ ಹೂತುಕೊಂಡು, ಹಗಲೂ ರಾತ್ರಿಯೂ ನೀರನ್ನು ಒಳಗೆಳೆದು ಕಿವಿರುಗಳಲ್ಲಿ ಸೋಸಿ ಹೊರಗೆ ಬಿಡುತ್ತಾ ವರ್ಷಗಟ್ಟಲೆ ಕುಳಿತಿರುತ್ತದೆ. ಮುತ್ತಿನ ಕಪ್ಪೆಚಿಪ್ಪಿನಂಥ ದೊಡ್ಡ ಜೀವಿಯೊಂದು ದಿನಕ್ಕೆ ಸುಮಾರು 50 ಲೀಟರ್ ನೀರನ್ನು ಸೋಸಬಲ್ಲದು. ಮರಿಯಾಗಿದ್ದಾಗ ಮೀನಿನ ಕಿವಿರಿಗೆ ಅಂಟಿಕೊಂಡು ಊರೂರು ಸುತ್ತಿದರೂ, ಅಲ್ಲಿಂದ ಕಳಚಿ ತಳಕ್ಕೆ ಬಿದ್ದ ಮೇಲೆ ಅದು ಬಹಳ ದೂರ ಹೋಗುವುದಿಲ್ಲ. ಒಂದು ಕಡೆ ನೆಲೆನಿಂತ ಈ ಗುಣವೇ ಅದರ ಚಿಪ್ಪಿನ ಸಾಕ್ಷ್ಯಕ್ಕೆ ಬೆಲೆ ತಂದಿದೆ.

ನೀವು ಕೇಳಿದ ಅಧ್ಯಯನದ ಹಿನ್ನೆಲೆ ಹೀಗಿದೆ. ಪೆನ್ಸಿಲ್ವೇನಿಯಾದ ನೆಲದಾಳದಲ್ಲಿ ಮಾರ್ಸೆಲಸ್ ಎಂಬ ಜೇಡಿಶಿಲೆಯ ಪದರವಿದೆ. ನೀರು, ಮರಳು ಮತ್ತು ರಾಸಾಯನಿಕಗಳನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ ಆ ಶಿಲೆಯನ್ನು ಬಿರುಕುಗೊಳಿಸಿ ಅನಿಲ ತೆಗೆಯುತ್ತಾರೆ. ಅನಿಲದ ಜೊತೆಗೆ ಮೇಲೆ ಬರುವ ನೀರು ಸಮುದ್ರದ ನೀರಿಗಿಂತಲೂ ಉಪ್ಪಾಗಿರಬಹುದು. ಅದರಲ್ಲಿ ಸ್ಟ್ರಾನ್ಷಿಯಂ, ಬೇರಿಯಂ, ಬ್ರೋಮೈಡ್, ರೇಡಿಯಂ ಮುಂತಾದವು ಕರಗಿರುತ್ತವೆ. 2008ರಿಂದ 2011ರವರೆಗಿನ ಭರಾಟೆಯ ದಿನಗಳಲ್ಲಿ ಇಂಥ ನೀರಿನಲ್ಲಿ ಒಂದಿಷ್ಟನ್ನು ಸಂಸ್ಕರಣಾ ಘಟಕಗಳಿಗೆ ಸಾಗಿಸಿ, ಸಂಸ್ಕರಿಸಿ, ಅನುಮತಿಯೊಂದಿಗೇ ನದಿಗಳಿಗೆ ಬಿಡಲಾಗುತ್ತಿತ್ತು. ಕರಗಿದ ಲವಣಗಳೆಲ್ಲ ಆ ಸಂಸ್ಕರಣೆಯಲ್ಲಿ ಪೂರ್ತಿಯಾಗಿ ತೊಲಗುತ್ತಿರಲಿಲ್ಲ. 2011ರಲ್ಲಿ ಇದನ್ನು ನಿಲ್ಲಿಸುವಂತೆ ರಾಜ್ಯ ಸರ್ಕಾರವು ಅನಿಲ ಉತ್ಪಾದಕರನ್ನು ಕೇಳಿಕೊಂಡಿತು.

ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಯೂನಿಯನ್ ಕಾಲೇಜಿನ ಸಂಶೋಧಕರು ವಾರನ್ ಎಂಬ ಊರಿನ ಬಳಿ, ಅಂಥದೊಂದು ಘಟಕದ ನೀರು ಸೇರುವ ಜಾಗಕ್ಕಿಂತ ಮೇಲ್ಗಡೆಯಿಂದಲೂ ಕೆಳಗಡೆಯಿಂದಲೂ ಕಪ್ಪೆಚಿಪ್ಪುಗಳನ್ನು ಸಂಗ್ರಹಿಸಿದರು. ಹೋಲಿಕೆಗಾಗಿ, ಇಂಥ ತ್ಯಾಜ್ಯ ಸೇರಿದ ದಾಖಲೆಯಿಲ್ಲದ ಜುನಿಯಾಟಾ ಮತ್ತು ಡೆಲವೇರ್ ನದಿಗಳ ಚಿಪ್ಪುಗಳನ್ನೂ ತೆಗೆದುಕೊಂಡರು. ಚಿಪ್ಪುಗಳ ಪದರಗಳಲ್ಲಿರುವ ಸ್ಟ್ರಾನ್ಷಿಯಂ ಅನ್ನು ಅಳೆದಾಗ, ಕೆಳಗಿನ ಚಿಪ್ಪುಗಳಲ್ಲಿ ಅದು ಸ್ಪಷ್ಟವಾಗಿ ಹೆಚ್ಚಾಗಿತ್ತು. ಈ ಫಲಿತಾಂಶ 2018ರಲ್ಲಿ ಪ್ರಕಟವಾಯಿತು.

ಸ್ಟ್ರಾನ್ಷಿಯಂ ಚಿಪ್ಪಿನೊಳಗೆ ಹೋಗುವುದು ಹೇಗೆಂದು ಕೇಳಬಹುದು. ಆವರ್ತಕ ಕೋಷ್ಟಕದಲ್ಲಿ ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ ಮತ್ತು ಬೇರಿಯಂ ಒಂದೇ ಕಂಬಸಾಲಿನಲ್ಲಿ ಒಂದರ ಕೆಳಗೊಂದರಂತೆ ಇವೆ. ಅವುಗಳ ರಾಸಾಯನಿಕ ವರ್ತನೆ ಒಂದೇ ಬಗೆಯದು. ಸ್ಟ್ರಾನ್ಷಿಯಂ ಅಯಾನು ಕ್ಯಾಲ್ಸಿಯಂ ಅಯಾನಿಗಿಂತ ತುಸು ದೊಡ್ಡದಾದರೂ ಅರಗೊನೈಟ್ ಹರಳಿನ ಜೋಡಣೆಯಲ್ಲಿ ಅದಕ್ಕೆ ಎಡೆಯಿದೆ. ಜೀವಿಯು ಕ್ಯಾಲ್ಸಿಯಂ ಎಂದುಕೊಂಡು ಅದನ್ನೂ ಕಟ್ಟಡಕ್ಕೆ ಸೇರಿಸಿಬಿಡುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂಗೆ ಹೋಲಿಸಿದಾಗ ಸ್ಟ್ರಾನ್ಷಿಯಂ ಹೆಚ್ಚಾದರೆ ಚಿಪ್ಪಿನಲ್ಲೂ ಹೆಚ್ಚಾಗುತ್ತದೆ.

ಆದರೆ ಸ್ಟ್ರಾನ್ಷಿಯಂ ಹೆಚ್ಚಿದೆ ಎಂಬುದಷ್ಟರಿಂದಲೇ ಅದು ಅನಿಲ ಬಾವಿಯದ್ದೆಂದು ಹೇಳಲಾಗದು. ತಾಪಮಾನ ಮತ್ತು ಬೆಳವಣಿಗೆಯ ವೇಗದಿಂದಲೂ ಆ ಪ್ರಮಾಣ ಏರುಪೇರಾಗುತ್ತದೆ. ಈ ಅಧ್ಯಯನದಲ್ಲಿ ನನಗೆ ಬಹಳ ಮೆಚ್ಚುಗೆಯಾದ ಹೆಜ್ಜೆ ಇಲ್ಲಿಯದು. ಸ್ಟ್ರಾನ್ಷಿಯಂ-87 ಮತ್ತು ಸ್ಟ್ರಾನ್ಷಿಯಂ-86 ಎಂಬ ಎರಡು ಐಸೊಟೋಪುಗಳ, ಅಂದರೆ ಒಂದೇ ಮೂಲಧಾತುವಿನ ತೂಕ ಬೇರೆಯಾದ ಎರಡು ರೂಪಗಳ, ಅನುಪಾತವು ಶಿಲೆಯಿಂದ ಶಿಲೆಗೆ ಬೇರೆಯಾಗಿರುತ್ತದೆ. ಶಿಲೆಯಲ್ಲಿರುವ ರುಬಿಡಿಯಂ-87 ಕೋಟ್ಯಂತರ ವರ್ಷಗಳಲ್ಲಿ ಬಹು ನಿಧಾನವಾಗಿ ಸ್ಟ್ರಾನ್ಷಿಯಂ-87 ಆಗಿ ಮಾರ್ಪಡುತ್ತಿರುವುದೇ ಇದಕ್ಕೆ ಕಾರಣ. ಕಪ್ಪೆಚಿಪ್ಪು ಈ ಎರಡರ ನಡುವೆ ಭೇದ ಮಾಡುವುದಿಲ್ಲವೆಂದೇ ಹೇಳಬಹುದು. ನೀರಿನಲ್ಲಿದ್ದ ಅನುಪಾತವೇ ಚಿಪ್ಪಿಗೆ ಇಳಿಯುತ್ತದೆ. ಮಾರ್ಸೆಲಸ್ ಪದರದ ನೀರಿನ ಅನುಪಾತ ಅಲೆಗೆನಿ ನದಿಯ ಸಹಜ ಅನುಪಾತಕ್ಕಿಂತ ಬೇರೆ. ಕೆಳಗಿನ ಚಿಪ್ಪುಗಳಲ್ಲಿ ಪ್ರಮಾಣ ಏರಿದ್ದಷ್ಟೇ ಅಲ್ಲದೆ, ಅನುಪಾತವೂ ಮಾರ್ಸೆಲಸ್ ನೀರಿನ ಕಡೆಗೆ ವಾಲಿತ್ತು. ಎರಡು ಸಾಕ್ಷಿಗಳು ಒಂದೇ ಕಡೆಗೆ ಬೆರಳು ತೋರಿಸಿದಾಗ ಅನುಮಾನಕ್ಕೆ ಎಡೆ ಕಡಿಮೆ.

ಇದಕ್ಕಿಂತಲೂ ಯೋಚನೆಗೆ ಹಚ್ಚುವ ಸಂಗತಿ ಇನ್ನೊಂದಿದೆ. 2011ರ ಬಳಿಕ ಕಟ್ಟಿದ ಪದರಗಳಲ್ಲಿ ಸ್ಟ್ರಾನ್ಷಿಯಂ ಒಡನೆಯೇ ಇಳಿಯಲಿಲ್ಲ. ಹರಿಯುವ ನೀರು ಕೆಲವೇ ದಿನಗಳಲ್ಲಿ ತೊಳೆದುಕೊಂಡು ಹೋಗುತ್ತದೆ. ತಳದ ಹೂಳು ಹಾಗಲ್ಲ. ಲೋಹಗಳು ಹೂಳಿನಲ್ಲಿ ಸೇರಿಕೊಂಡು ಅಲ್ಲಿಂದ ಮೆಲ್ಲಮೆಲ್ಲನೆ ಹೊರಬರುತ್ತಿರಬೇಕು ಎಂದು ಸಂಶೋಧಕರು ತರ್ಕಿಸಿದ್ದಾರೆ. ಕಪ್ಪೆಚಿಪ್ಪು ಬದುಕುವುದು ಆ ಹೂಳಿನಲ್ಲಿಯೇ ಆದ್ದರಿಂದ, ಮೇಲಿನಿಂದ ತುಂಬಿದ ಬಾಟಲಿಗೆ ಕಾಣದ ಈ ಉಳಿಕೆ ಅದರ ಚಿಪ್ಪಿಗೆ ಕಾಣಿಸಿತು. ಹೊಳೆಗೆ ಏನನ್ನಾದರೂ ಬಿಡುವುದನ್ನು ನಿಲ್ಲಿಸಿದ ದಿನವೇ ಹೊಳೆ ಶುದ್ಧವಾಯಿತೆಂದು ಘೋಷಿಸುವವರು ಈ ಪದರಗಳನ್ನು ಒಮ್ಮೆ ನೋಡಬೇಕು.

ಇಷ್ಟಾದರೂ ಚಿಪ್ಪು ಎಲ್ಲವನ್ನೂ ಬರೆದಿಡುತ್ತದೆಂದು ನಂಬಬೇಡಿ. ಕೀಟನಾಶಕಗಳಂಥ ವಿಷಗಳನ್ನು ಈ ರೀತಿ ಓದಲಾಗದು. ಸೀಸದಂಥ ಲೋಹಗಳ ವಿಷಯದಲ್ಲಿ ಚಿಪ್ಪಿನ ಹೇಳಿಕೆ ಜಾತಿಯಿಂದ ಜಾತಿಗೆ ಬದಲಾಗುತ್ತದೆ. ಮುಖ್ಯವಾಗಿ, ನೀರು ತೀರ ಕೆಟ್ಟಾಗ ಜೀವಿ ಬಾಯಿ ಮುಚ್ಚಿಕೊಂಡು ಬೆಳೆಯುವುದನ್ನೇ ನಿಲ್ಲಿಸುತ್ತದೆ, ಇಲ್ಲವೇ ಸಾಯುತ್ತದೆ. ಅಂದರೆ ಹೊಳೆಯ ಅತ್ಯಂತ ಕೆಟ್ಟ ದಿನಗಳಿಗೆ ಚಿಪ್ಪಿನಲ್ಲಿ ಪದರವೇ ಇರುವುದಿಲ್ಲ. ಒಂದು ಕಾಲದಲ್ಲಿ ಕಪ್ಪೆಚಿಪ್ಪುಗಳು ದಂಡಿಯಾಗಿದ್ದ ಜಾಗದಲ್ಲಿ ಈಗ ಒಂದೂ ಸಿಗುತ್ತಿಲ್ಲವೆಂದರೆ, ಆ ಇಲ್ಲದಿರುವಿಕೆಯನ್ನೂ ದಾಖಲೆಯೆಂದೇ ಓದಬೇಕು.

ಪ್ರಶ್ನೆ: ನಮ್ಮ ಅಳಿವೆಯಲ್ಲಿ ಸಿಗುವ ಮರುವಾಯಿ ಚಿಪ್ಪಿನಿಂದಲೂ ಇದೇ ರೀತಿ ತಿಳಿಯಬಹುದೇ?
— ಓದುಗರು, ಉಡುಪಿ

ಉತ್ತರ: ಬೆಳೆಯುವ ಕ್ರಮ ಒಂದೇ, ಆದ್ದರಿಂದ ವಿಧಾನವೂ ಒಂದೇ. ಆದರೆ ಅಳಿವೆಯಲ್ಲಿ ನದಿಯ ನೀರು ಮತ್ತು ಕಡಲಿನ ನೀರು ಉಬ್ಬರ ಇಳಿತಗಳಿಗೆ ತಕ್ಕಂತೆ ಬೆರೆಯುತ್ತಿರುವುದರಿಂದ, ಮರುವಾಯಿ ಚಿಪ್ಪಿನಲ್ಲಿ ಉಳಿದೆಲ್ಲ ಗುರುತುಗಳಿಗಿಂತ ಉಪ್ಪಿನ ಏರಿಳಿತವೇ ಜೋರಾಗಿ ಮೂಡಿರುತ್ತದೆ. ಮಳೆಗಾಲದಲ್ಲಿ ಅಳಿವೆ ಎಷ್ಟು ಸಪ್ಪೆಯಾಗುತ್ತದೆ ಎಂದು ತಿಳಿಯಲು ಅದು ಒಳ್ಳೆಯ ಸಾಧನ. ಮೇಲಿನ ಹೊಳೆಯ ಮಾಲಿನ್ಯವನ್ನು ತಿಳಿಯಬೇಕಾದರೆ ಉಪ್ಪುನೀರು ತಲುಪದಷ್ಟು ಮೇಲಕ್ಕೆ ಹೋಗಿ ಸಿಹಿನೀರಿನ ಚಿಪ್ಪನ್ನೇ ಹುಡುಕುವುದು ಲೇಸು.

ಪ್ರಶ್ನೆ: ನಾನು ಪರಿಸರ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿ. ತುಂಗಭದ್ರಾ ನದಿಯಲ್ಲಿ ಇಂಥ ಕೆಲಸ ಆರಂಭಿಸಬೇಕೆಂಬ ಆಸೆಯಿದೆ. ನಮ್ಮಲ್ಲಿ ದೊಡ್ಡ ಯಂತ್ರಗಳಿಲ್ಲ. ಎಲ್ಲಿಂದ ಆರಂಭಿಸಲಿ?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು. ಯಂತ್ರದ ಚಿಂತೆಯನ್ನು ಕೊನೆಗಿಟ್ಟುಕೊಳ್ಳಿ. ಅಳತೆ ಮಾಡಿಸಿಕೊಳ್ಳಲು ಬೇರೆ ಸಂಸ್ಥೆಗಳ ಪ್ರಯೋಗಾಲಯಗಳನ್ನು ಕೇಳಬಹುದು, ಆದರೆ ಸರಿಯಾದ ಚಿಪ್ಪನ್ನು ಸರಿಯಾದ ವಿವರದೊಂದಿಗೆ ಒದಗಿಸುವ ಕೆಲಸವನ್ನು ನದಿಯ ಪಕ್ಕದಲ್ಲಿರುವ ನಿಮ್ಮಂಥವರೇ ಮಾಡಬೇಕು.

ಮೊದಲು ಜಾತಿಯನ್ನು ಆರಿಸಿಕೊಳ್ಳಿ. ಲ್ಯಾಮೆಲ್ಲಿಡೆನ್ಸ್ ಮಾರ್ಜಿನಾಲಿಸ್ ಎಂಬ ಕಪ್ಪೆಚಿಪ್ಪು ನಮ್ಮ ದೇಶದ ಕೆರೆ, ಹೊಳೆಗಳಲ್ಲಿ ವ್ಯಾಪಕವಾಗಿ ಸಿಗುತ್ತದೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯು ಮುತ್ತಿನ ಕೃಷಿಗೆ ಬಳಸುವುದೂ ಇದನ್ನೇ. ಹಾಗಾಗಿ ಇದನ್ನು ಸಾಕುವ ಕ್ರಮ ತಿಳಿದ ಜನರಿದ್ದಾರೆ. ಇದಕ್ಕೆ ವ್ಯತಿರಿಕ್ತವಾಗಿ, ತುಂಗಾ ಮತ್ತು ಭದ್ರಾ ನದಿಗಳ ಬಂಡೆಗಳಿಗೆ ಸಿಮೆಂಟು ಹಾಕಿದಂತೆ ಅಂಟಿಕೊಂಡು ಬದುಕುವ ಸ್ಯೂಡೊಮುಲ್ಲೇರಿಯಾ ಡಾಲಿಯಿ ಎಂಬ ಜಾತಿಯೊಂದಿದೆ. 1898ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಜೀವಿ ಪಶ್ಚಿಮ ಘಟ್ಟದ ಸೀಮೆಯಲ್ಲಲ್ಲದೆ ಬೇರೆಲ್ಲೂ ಇಲ್ಲ, ಮತ್ತು ಅಳಿವಿನ ಅಪಾಯದಲ್ಲಿದೆ. ಒಮ್ಮೆ ಅಂಟಿದ ಬಂಡೆಯನ್ನು ಅದು ಬಿಡುವುದೇ ಇಲ್ಲವಾದ್ದರಿಂದ ಅದರ ಚಿಪ್ಪು ಇಂಥ ಅಧ್ಯಯನಕ್ಕೆ ಎಷ್ಟು ಒಪ್ಪುತ್ತದೆಂದು ನಿಮಗೆ ಆಸೆಯಾಗಬಹುದು. ದಯವಿಟ್ಟು ಅದನ್ನು ಮುಟ್ಟಬೇಡಿ. ನೀರನ್ನು ಅರಿಯುವ ನೆಪದಲ್ಲಿ ಆ ನೀರಿನ ಅಪರೂಪದ ಜೀವಿಯನ್ನು ಕಿತ್ತು ತರುವುದನ್ನು ನಾನು ಒಪ್ಪಲಾರೆ. ಸಾಮಾನ್ಯ ಜಾತಿಗಳಲ್ಲೂ ಸತ್ತು ಬಿದ್ದ ಚಿಪ್ಪುಗಳಿಂದ ಆಗುವಷ್ಟು ಕೆಲಸವನ್ನು ಮೊದಲು ಮುಗಿಸಿ.

ಎರಡನೆಯದಾಗಿ, ಗೆರೆಗಳ ಅಗಲದಿಂದ ತಾಪಮಾನವನ್ನು ಓದಿದ ಸ್ವೀಡನ್ನಿನ ಪಾಠವನ್ನು ಇಲ್ಲಿಗೆ ಹಾಗೆಯೇ ತರಬೇಡಿ. ಇಲ್ಲಿ ನೆರವಾಗುವುದು ಆಕ್ಸಿಜನ್ನಿನ ಐಸೊಟೋಪುಗಳು. ಚಿಪ್ಪಿನಲ್ಲಿರುವ ಆಕ್ಸಿಜನ್-18 ಮತ್ತು ಆಕ್ಸಿಜನ್-16ರ ಅನುಪಾತವು ಎರಡು ಸಂಗತಿಗಳನ್ನು ಅವಲಂಬಿಸಿದೆ: ನೀರಿನ ತಾಪಮಾನ ಮತ್ತು ನೀರಿನದೇ ಅನುಪಾತ. ಒಂದೇ ಸಮೀಕರಣದಲ್ಲಿ ಎರಡು ಅಜ್ಞಾತಗಳಿದ್ದಂತೆ ಇದು. ಹವಾಮಾನಕ್ಕೆ ತಕ್ಕಂತೆ ಒಂದನ್ನು ಹಿಡಿದು ಇನ್ನೊಂದನ್ನು ಬಿಡಿಸಬೇಕು. ನಮ್ಮ ನದಿಗಳಲ್ಲಿ ವರ್ಷವಿಡೀ ತಾಪಮಾನ ಬದಲಾಗುವುದು ಸ್ವಲ್ಪವೇ. ನೀರು ಮಾತ್ರ ಪೂರ್ತಿಯಾಗಿ ಬದಲಾಗುತ್ತದೆ. ಭರ್ತಿ ಮಳೆಗಾಲದ ನೀರಿನಲ್ಲಿ ಭಾರದ ಆಕ್ಸಿಜನ್-18 ಕಡಿಮೆಯಿರುತ್ತದೆ. ಬೇಸಿಗೆಯಲ್ಲಿ ಮಡುಗಳಲ್ಲಿ ನಿಂತ ನೀರು ಆವಿಯಾಗುತ್ತಾ ಹೋದಂತೆ ಹಗುರವಾದದ್ದು ಮೊದಲು ಹಾರಿಹೋಗಿ ಭಾರದ್ದು ಉಳಿದುಕೊಳ್ಳುತ್ತದೆ. ಆದ್ದರಿಂದ ನಮ್ಮ ಚಿಪ್ಪು ಹೇಳಬಲ್ಲ ಕಥೆ ಚಳಿಯದ್ದಲ್ಲ, ಹೊಳೆ ತುಂಬಿದ ಮತ್ತು ಬತ್ತಿದ ಕಥೆ. ಮಧ್ಯ ಆಫ್ರಿಕದ ಉಬಾಂಗಿ ನದಿಯ ಚಿಪ್ಪುಗಳಲ್ಲಿ ನೀರಿನ ಹರಿವಿನ ಏರಿಳಿತವನ್ನು ಈ ಬಗೆಯಲ್ಲಿ ಓದಿದ್ದಾರೆ. ನಿಮಗೆ ಮಾದರಿಯಾಗಬೇಕಾದದ್ದು ಅಂಥ ಉಷ್ಣವಲಯದ ಕೆಲಸ.

ಇನ್ನು ಊರುಗಳ ಕೊಳಚೆ ನೀರಿನ ಗುರುತನ್ನು ಹುಡುಕುವ ಉದ್ದೇಶವಿದ್ದರೆ ಹರಳನ್ನು ಬಿಟ್ಟು ಚಿಪ್ಪಿನ ಪ್ರೋಟೀನಿನ ಕಡೆಗೆ ಗಮನ ಕೊಡಿ. ಮಲಮೂತ್ರ ಮತ್ತು ಕೊಟ್ಟಿಗೆ ಗೊಬ್ಬರದಿಂದ ಅಮೋನಿಯಾ ಆವಿಯಾಗುವಾಗ ಹಗುರ ಸಾರಜನಕ ಹೆಚ್ಚಾಗಿ ಹೊರಟುಹೋಗುವುದರಿಂದ ಉಳಿದದ್ದರಲ್ಲಿ ಭಾರದ ಸಾರಜನಕ-15ರ ಪಾಲು ಏರುತ್ತದೆ. ಪಾಚಿಯ ಮೂಲಕ ಅದು ಕಪ್ಪೆಚಿಪ್ಪಿನ ಆಹಾರವನ್ನೂ, ಅಲ್ಲಿಂದ ಚಿಪ್ಪಿನ ಅಂಟನ್ನೂ ಸೇರುತ್ತದೆ. ಊರಿನ ಮೇಲ್ಗಡೆಯ ಮತ್ತು ಕೆಳಗಡೆಯ ಚಿಪ್ಪುಗಳ ಹೋಲಿಕೆಯಿಂದಲೇ ಒಂದು ಒಳ್ಳೆಯ ಪ್ರಬಂಧವಾಗುತ್ತದೆ.

ಕಡೆಯದಾಗಿ, ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ದಿನಾಂಕದ ವಿಷಯ. ಪದರಗಳ ಎಣಿಕೆ ಹೊರಗಿನ ಅಂಚಿನಿಂದ ಒಳಕ್ಕೆ ಸಾಗುತ್ತದೆ. ಆ ಅಂಚು ಯಾವ ತಿಂಗಳಿನದು ಎಂದು ಗೊತ್ತಿಲ್ಲದಿದ್ದರೆ ಒಳಗಿನ ಯಾವ ಪದರಕ್ಕೂ ವರ್ಷ ಹಚ್ಚಲಾಗದು. ಎರಡೂ ಹೋಳುಗಳು ಇನ್ನೂ ಕೂಡಿಕೊಂಡಿರುವ, ತಿರುಗಣಿಯ ನಾರು ಒಣಗಿ ಉದುರಿರದ ಚಿಪ್ಪು ಈಚೆಗೆ ಸತ್ತದ್ದು. ಬಿಡಿ ಹೋಳು ಎಷ್ಟು ವರ್ಷ ಹಳೆಯದೋ ಹೇಳಲಾಗದು. ಕೋಲ್ಕತ್ತಾದಲ್ಲಿ 1916ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದಂಥ ಸಂಸ್ಥೆಗಳ ಹಳೆಯ ಸಂಗ್ರಹಗಳು ಬೆಲೆಬಾಳುವುದೂ ಊರು ಮತ್ತು ದಿನ ಬರೆದ ಪುಟ್ಟ ಚೀಟಿಗಳಿಂದಲೇ. ನೀವು ಅದೇ ಜಾಗದಲ್ಲಿ ತಿಂಗಳಿಗೊಮ್ಮೆ ನೀರಿನ ಮಾದರಿ ತೆಗೆದು, ತಾಪಮಾನ ಬರೆದು, ಕನಿಷ್ಠ ಒಂದು ವರ್ಷ ಮುಂದುವರಿಸಿದರೆ ಆ ವರ್ಷದ ಪದರವನ್ನು ಆ ವರ್ಷದ ನೀರಿನೊಂದಿಗೆ ತಾಳೆ ನೋಡಬಹುದು. ಆಮೇಲಷ್ಟೇ ಹಿಂದಿನ ಪದರಗಳನ್ನು ಧೈರ್ಯವಾಗಿ ಓದಬಹುದು. ತೀರ್ಥಹಳ್ಳಿಯ ಶಿಕ್ಷಕಿಯವರ ಮಕ್ಕಳೂ ಈ ಬೇಸಿಗೆಯಲ್ಲಿ ಹೆಕ್ಕುವ ಪ್ರತಿಯೊಂದು ಕೂಡುಚಿಪ್ಪಿನೊಳಗೆ ದಿನಾಂಕ, ಹೊಳೆಯ ಹೆಸರು, ಸಿಕ್ಕ ಜಾಗ ಬರೆದ ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆದಿಡಲಿ. ಶಾಯಿ ತೇವಕ್ಕೆ ಅಳಿಸಿಹೋಗುತ್ತದೆ.